ತಗಡಿನ ಮಾಡು, ನಾಲ್ಕಕ್ಷರದ ಕಾರ್ಡು, ಒಂದು ಮಳೆ ಪ್ರಶ್ನೆ

ಜುಲೈ ತಿಂಗಳಲ್ಲಿ ಸೋಮವಾರಪೇಟೆ ಕಡೆ ತಗಡಿನ ಮಾಡಿನ ಕೆಳಗೆ ಪಾಠ ಮಾಡಿದವರಿಗೆ ಗೊತ್ತು, ಮಳೆ ಹಿಡಿಯಿತೆಂದರೆ ಎರಡನೇ ಬೆಂಚಿಗೂ ಮಾತು ಮುಟ್ಟುವುದಿಲ್ಲ. ಕರೆಂಟೂ ಹೋಗಿರುತ್ತದೆ, ಸ್ಮಾರ್ಟ್ ಕ್ಲಾಸ್ ಟಿವಿ ಮೇಲಿನ ಬಟ್ಟೆ ತೆಗೆಯುವ ಪ್ರಮೇಯವೇ ಇಲ್ಲ. ನಾನು ಏಳನೇ ಕ್ಲಾಸಿನಲ್ಲಿ ಮಕ್ಕಳ ಕೈಗೆ ಉತ್ತರದ ಕಾರ್ಡು ಹಿಡಿಸಿದ್ದು ಹೊಸತನದ ಹುರುಪಿನಿಂದ ಏನಲ್ಲ, ಗಂಟಲು ಸೋತು.

ಪ್ರಶ್ನೆಗೆ ಮಕ್ಕಳು ಕಾರ್ಡಿನಲ್ಲಿ ಉತ್ತರ ತೋರಿಸಿ, ಪಕ್ಕದವರ ಜೊತೆ ಚರ್ಚಿಸಿ, ಮತ್ತೆ ತೋರಿಸುವ ಈ ವಿಧಾನಕ್ಕೆ ‘ಪಿಯರ್ ಇನ್‌ಸ್ಟ್ರಕ್ಷನ್’ ಎಂದು ಹೆಸರು. ಪಕ್ಕದವರಿಂದ ಕಲಿಯುವುದು ಅನ್ನಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ರೂಪಿಸಿದ್ದು. ನಮಗೆ ಇದು ತೀರಾ ಹೊಸತಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಒಂದರಿಂದ ಮೂರನೇ ಕ್ಲಾಸಿನ ನಲಿ-ಕಲಿಯಲ್ಲಿ ಮಕ್ಕಳು ಗುಂಪಾಗಿ ಕೂತು ಮಾತಾಡುತ್ತಲೇ ಕಲಿಯುತ್ತಾರೆ. ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ನಾವೇ ಅವರನ್ನು ಸಾಲಾಗಿ ಕೂರಿಸಿ ಬಾಯಿ ಮುಚ್ಚಿಸುತ್ತೇವೆ.

ಮೊದಲು ಪ್ರಶ್ನೆ

ಅರ್ಧ ಕೆಲಸ ಇಲ್ಲೇ ಇದೆ. ‘ಕಾವೇರಿ ಎಲ್ಲಿ ಹುಟ್ಟುತ್ತದೆ’ ಅಂತ ಕೇಳಿದರೆ ಇಡೀ ತರಗತಿ ತಲಕಾವೇರಿ ಅನ್ನುತ್ತದೆ, ಚರ್ಚೆಗೆ ಏನೂ ಉಳಿಯುವುದಿಲ್ಲ. ಅರ್ಧ ಮಕ್ಕಳಾದರೂ ತಪ್ಪುವಂಥ, ಆದರೆ ಯೋಚಿಸಿದರೆ ಸಿಗುವಂಥ ಪ್ರಶ್ನೆ ಬೇಕು. ನನ್ನದು ಇದು: ಅಗಲದ ಡಬ್ಬ ಒಂದು, ಸಪೂರದ್ದು ಒಂದು. ಎರಡನ್ನೂ ಅಂಗಳದಲ್ಲಿ ಒಂದೇ ಮಳೆಗೆ ಇಟ್ಟರೆ ನೀರಿನ ಎತ್ತರ ಯಾವುದರಲ್ಲಿ ಹೆಚ್ಚು? ಎ, ಅಗಲದ್ದರಲ್ಲಿ. ಬಿ, ಸಪೂರದ್ದರಲ್ಲಿ. ಸಿ, ಎರಡರಲ್ಲೂ ಸಮ. ಡಿ, ಎಷ್ಟು ಹೊತ್ತು ಮಳೆ ಬಂತೆಂದು ತಿಳಿಯದೆ ಹೇಳಲಾಗದು.

ಕೊಡಗಿನ ಮಕ್ಕಳಿಗೆ ಮಳೆ ಅಳೆಯುವುದು ಪುಸ್ತಕದ ಮಾತಲ್ಲ. ತೋಟದ ಮನೆಯ ಜಗುಲಿಯಲ್ಲಿ ‘ರಾತ್ರಿ ಎಪ್ಪತ್ತು ಸೆಂಟ್ ಬಂತು’ ಅನ್ನುವುದನ್ನು ಕೆಲಸಗಾರರ ಲೈನ್‌ಮನೆಯ ಮಗುವೂ ಕೇಳಿರುತ್ತದೆ. ಸೆಂಟ್ ಅಂದರೆ ಇಲ್ಲಿ ಇಂಚಿನ ನೂರನೇ ಒಂದು ಭಾಗ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟ್ ಬಿತ್ತು ಎಂಬುದರ ಮೇಲೆ ಕಾಫಿ ಫಸಲಿನ ಲೆಕ್ಕ ನಿಂತಿದೆಯಲ್ಲ. ಆದರೂ ಅಗಲ ಎಷ್ಟೇ ಇರಲಿ ಎತ್ತರ ಒಂದೇ ಎಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಮೊದಲ ಸಲ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ‘ಎ’ ಎತ್ತಿದ್ದರು.

ಕಾರ್ಡಿಗೆ ಹಳೆಯ ಮದುವೆ ಕಾಗದದ ಹಿಂಬದಿ ಸಾಕು. ನಾಲ್ಕು ತುಂಡು, ಒಂದೊಂದಕ್ಕೆ ಒಂದು ಅಕ್ಷರ, ಒಂದೊಂದು ಬಣ್ಣ. ಬಣ್ಣ ಬೇರೆ ಇದ್ದರೆ ಹಿಂದಿನ ಬೆಂಚಿನದ್ದೂ ಒಂದೇ ನೋಟಕ್ಕೆ ಎಣಿಕೆಗೆ ಸಿಗುತ್ತದೆ.

ಆಮೇಲೆ ಮೌನ, ಆಮೇಲೆ ಗಲಾಟೆ

ಬೋರ್ಡಿನಲ್ಲಿ ಪ್ರಶ್ನೆ ಬರೆದು ಒಂದು ನಿಮಿಷ ಯಾರೂ ಮಾತಾಡಕೂಡದು, ನೀವೂ. ಸುಳಿವು ಕೊಡಲು ನಾಲಿಗೆ ತುರಿಸುತ್ತದೆ, ತಡೆದುಕೊಳ್ಳಿ. ಆಮೇಲೆ ಬೆರಳಲ್ಲಿ ಮೂರು ಎಣಿಸಿ, ಎಲ್ಲರೂ ಒಟ್ಟಿಗೆ ಕಾರ್ಡನ್ನು ಎದೆಗೆ ಹಿಡಿಯಲಿ. ತಲೆ ಮೇಲೆ ಎತ್ತಿಸಿದರೆ ಫಸ್ಟ್ ಬರುವ ಹುಡುಗಿಯದನ್ನು ನೋಡಿ ಎಲ್ಲರೂ ಬದಲಿಸಿಕೊಳ್ಳುತ್ತಾರೆ.

ಸರಿಯುತ್ತರ ನೂರಕ್ಕೆ 70ಕ್ಕಿಂತ ಹೆಚ್ಚಿದ್ದರೆ ಎರಡು ಮಾತಲ್ಲಿ ಮುಗಿಸಿ ಮುಂದೆ ಹೋಗಿ. 30ಕ್ಕಿಂತ ಕಡಿಮೆ ಇದ್ದರೆ ಪಾಠವೇ ಮುಟ್ಟಿಲ್ಲ, ಮತ್ತೆ ಹೇಳಬೇಕು. ನಡುವೆ ಇದ್ದರೆ ಬಾಯಿ ಬಿಡಬೇಡಿ. ‘ನಿನ್ನ ಉತ್ತರ ಅಲ್ಲದವರನ್ನು ಹುಡುಕಿ ಒಪ್ಪಿಸು’ ಅನ್ನಿ, ಮೂರು ನಿಮಿಷ ಬಿಡಿ. ನನ್ನ ತರಗತಿಯಲ್ಲಿ ಆಗ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ ಭಾಷೆ ಎಲ್ಲ ಕೇಳಿಸುತ್ತವೆ. ಕೇಳಿಸಲಿ. ವರ್ಷಪೂರ್ತಿ ಕನ್ನಡದಲ್ಲಿ ಎದ್ದು ಉತ್ತರ ಹೇಳದ ಹುಡುಗ ಪಕ್ಕದವನ ಜೊತೆ ಮಲಯಾಳದಲ್ಲಿ, ‘ಅಗಲದ್ದಕ್ಕೆ ಜಾಸ್ತಿ ಬೀಳ್ತದೆ, ಆದ್ರೆ ಹರಡಿಕೊಳ್ತದಲ್ಲ’ ಎನ್ನುತ್ತಾ ಅಂಗೈ ಅಗಲಿಸಿ ತೋರಿಸುತ್ತಿದ್ದ. ಮತ್ತೆ ಕಾರ್ಡು ಎತ್ತಿಸಿದಾಗ ‘ಸಿ’ಗಳು ದುಪ್ಪಟ್ಟಾಗಿದ್ದವು.

ಆಮೇಲಷ್ಟೇ ಪ್ರಯೋಗ. ಇಲ್ಲಿ ನಾನು ಎಡವಿದೆ. ಅಗಲದ ಡಬ್ಬ ಸಿಗದೆ ಶಾಲೆಯ ಬಕೆಟ್ ಇಟ್ಟೆ. ಮಳೆ ನಿಂತ ಮೇಲೆ ಸ್ಕೇಲ್ ಇಳಿಸಿದ ಹುಡುಗಿ, ‘ಸರ್, ಬಕೆಟ್‌ನಲ್ಲೇ ಜಾಸ್ತಿ ಉಂಟು’ ಅಂದಳು. ಬಕೆಟ್‌ನ ಬಾಯಿ ಅಗಲ, ತಳ ಕಿರಿದು. ಬಾಯಿ ಹಿಡಿದ ನೀರು ಕಿರಿದಾದ ತಳದಲ್ಲಿ ಏರುತ್ತದೆ. ಬಾಯಿ-ತಳ ಒಂದೇ ಅಗಲದ ಡಬ್ಬವನ್ನೇ ಹುಡುಕಿ. ಮರುದಿನದ ಪ್ರಶ್ನೆಯಂತೂ ಪುಕ್ಕಟೆ ಸಿಕ್ಕಿತು.

ಫೋನ್ ಎಲ್ಲಿ ಬೇಕು

ಪ್ಲಿಕರ್ಸ್ ಎಂಬ ಆ್ಯಪ್ ಇದೆ. ಪ್ರತಿ ಮಗುವಿಗೂ ಬೇರೆ ಬೇರೆ ಚೌಕಳಿ ಗುರುತಿನ ಕಾಗದ, ಅದನ್ನು ತಿರುಗಿಸಿ ಹಿಡಿದ ದಿಕ್ಕೇ ಉತ್ತರ. ಮಕ್ಕಳಿಗೆ ಫೋನ್ ಬೇಡ, ಟೀಚರ್ ಫೋನಿನ ಕ್ಯಾಮೆರಾ ಎಲ್ಲರದನ್ನೂ ಓದುತ್ತದೆ. ಯಾರು ಯಾವುದರಲ್ಲಿ ತಪ್ಪಿದರೆಂಬ ದಾಖಲೆ ಉಳಿಯುವುದು ನಿಜಕ್ಕೂ ಉಪಯೋಗ. ಆದರೆ ಟವರ್ ಸಿಗದ ಊರಲ್ಲಿ ಅದನ್ನೇ ನಂಬಿ ಕೂರಬೇಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೂ ಅಷ್ಟೇ: ದೀಕ್ಷಾ ಆ್ಯಪ್‌ನಲ್ಲಿ ವಿಡಿಯೊವನ್ನು ಹಿಂದಿನ ರಾತ್ರಿ ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ತೋರಿಸುವುದಾದರೆ ಎರಡನೇ ಸಲ ಕಾರ್ಡು ಎತ್ತಿದ ಮೇಲೆ. ಮೊದಲೇ ತೋರಿಸಿದರೆ ಯೋಚಿಸುವುದಕ್ಕೆ ಏನಿರುತ್ತದೆ?

ಮಳೆ ಅಳೆಯುವುದನ್ನು ಮಳೆಗಾಲ ಪೂರ್ತಿ ಮುಂದುವರಿಸುವುದಾದರೆ ಎರಡು ಲೀಟರ್ ಬಾಟಲಿಯ ಕುತ್ತಿಗೆ ಕತ್ತರಿಸಿ ಅದರ ಮೇಲೇ ತಲೆಕೆಳಗಾಗಿ ಕೂರಿಸಿ. ತಳ ಡೊಂಕಾಗಿರುವುದರಿಂದ ಕಲ್ಲುಹರಳು ಹಾಕಿ, ಗೋಡೆ ನೇರವಾಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ಮರದಡಿ, ಸೂರಿನಡಿ ಇಡಬೇಡಿ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ನಿಮಗೆ ಪ್ರಾರ್ಥನೆಯ ಹೊತ್ತು ಅನುಕೂಲವಾದರೆ ದಿನವೂ ಅದೇ ಹೊತ್ತಿಗೆ ಅಳೆಯಿರಿ. ಅಳೆದ ಮೇಲೆ ಸೊನ್ನೆ ಗೆರೆಯವರೆಗೆ ಚೆಲ್ಲಬೇಕು. 100 ಸೆಂಟ್ ಅಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಸ್ಕೇಲ್‌ನಲ್ಲಿ 20 ಮಿ.ಮೀ. ಬಂದರೆ ಸುಮಾರು 79 ಸೆಂಟ್. ಈ ಲೆಕ್ಕವನ್ನು ಮಕ್ಕಳು ಮನೆಗೆ ಹೋಗಿ ಅಜ್ಜನ ಮಳೆ ಡೈರಿಯ ಜೊತೆ ತಾಳೆ ನೋಡುತ್ತಾರೆ.

ಮಳೆ ರಜೆ ಘೋಷಣೆಯಾದರೆ ಶಾಲೆಗೆ ಹತ್ತಿರದ ಮನೆಯ ಮಗುವಿಗೆ ಬಾಟಲಿ ಕೊಟ್ಟುಬಿಡಿ. ಕೊಡಲು ಮರೆತು ಮೂರು ದಿನ ಹೊರಗೇ ಉಳಿದಿದ್ದರೆ ಒಟ್ಟು ಅಳತೆ ಬರೆದು ಪಕ್ಕದಲ್ಲಿ ‘3 ದಿನದ್ದು’ ಎಂದು ಗುರುತು ಹಾಕಿ, ಮೂರರಿಂದ ಭಾಗಿಸಿ ಹಂಚಬೇಡಿ. ಬಾಟಲಿ ತುಂಬಿ ಹರಿದಿದ್ದರೆ ಹಾಗಂತಲೇ ಬರೆಯಿರಿ.