ಅಂತರರಾಷ್ಟ್ರೀಯ ವಯಲಿನ್ ಸ್ಪರ್ಧೆಗೆ ಆಧುನಿಕ ಕೃತಿಯನ್ನು ಆಯ್ದುಕೊಳ್ಳುವ ಬಗೆ

ಅಂತರರಾಷ್ಟ್ರೀಯ ವಯಲಿನ್ ಸ್ಪರ್ಧೆಗೆ ಸಿದ್ಧರಾಗುವವರು ಬಾಖ್, ಮೊಟ್ಸಾರ್ಟ್, ಪಗನೀನಿಯವರ ಕೃತಿಗಳನ್ನು ಬಹಳ ಮುಂಚೆಯೇ ಗೊತ್ತುಮಾಡಿಕೊಂಡಿರುತ್ತಾರೆ. ಅರ್ಜಿಯಲ್ಲಿ ‘ಆಧುನಿಕ ಕೃತಿ’ ಎಂಬ ಸಾಲು ಮಾತ್ರ ಕಡೆಯ ವಾರದವರೆಗೂ ಖಾಲಿ ಉಳಿದು, ಕೊನೆಗೆ ಗುರುಗಳು ಸೂಚಿಸಿದ್ದನ್ನೋ ಹಿಂದಿನ ವಿಜೇತರು ನುಡಿಸಿದ್ದನ್ನೋ ಅಲ್ಲಿ ತುಂಬಿ ಕಳುಹಿಸುವುದು ವಾಡಿಕೆಯಾಗಿದೆ. ಈ ಕ್ರಮ ತಲೆಕೆಳಗಾದದ್ದು. ಉಳಿದ ಕೃತಿಗಳನ್ನು ಬಹುಮಟ್ಟಿಗೆ ಸ್ಪರ್ಧೆಯ ನಿಯಮಗಳೇ ನಿಗದಿಪಡಿಸುತ್ತವೆ; ಅಲ್ಲಿ ತೀರ್ಪುಗಾರರಿಗೆ ಕೇಳಿಸುವುದು ವಾದನ ಮಾತ್ರ. ಆಧುನಿಕ ಕೃತಿಯಲ್ಲಾದರೋ ವಾದನಕ್ಕಿಂತ ಮೊದಲು ಆಯ್ಕೆಯೇ ಮಾತನಾಡುತ್ತದೆ: ಈ ವಾದಕರು ಏನನ್ನು ಓದಿದ್ದಾರೆ, ಏನನ್ನು ಇಷ್ಟಪಟ್ಟಿದ್ದಾರೆ, ತಮ್ಮ ಶಕ್ತಿಯನ್ನು ಎಷ್ಟು ಸರಿಯಾಗಿ ಅಳೆದುಕೊಂಡಿದ್ದಾರೆ ಎಂಬುದೆಲ್ಲ ಅಲ್ಲಿ ಬಯಲಾಗುತ್ತದೆ. ಆದ್ದರಿಂದ ಈ ಕೃತಿಯನ್ನು ಮೊದಲು ನಿರ್ಧರಿಸಿ, ಸ್ವತಂತ್ರವಾಗಿ ಆರಿಸಬಹುದಾದ ಉಳಿದ ಕೃತಿಗಳನ್ನು ಅದಕ್ಕೆ ಹೊಂದಿಸುವುದು ಉಚಿತ.

ಮೊದಲ ಕೆಲಸ ನಿಯಮಾವಳಿಯನ್ನು ಅಕ್ಷರಶಃ ಓದುವುದು. ‘ಆಧುನಿಕ’ ಎಂಬುದಕ್ಕೆ ಎಲ್ಲ ಸ್ಪರ್ಧೆಗಳಿಗೂ ಒಪ್ಪಿಗೆಯಾದ ಒಂದೇ ವ್ಯಾಖ್ಯೆ ಇಲ್ಲ. ಒಂದು ಕಡೆ ಇಂಥ ವರ್ಷದ ನಂತರ ರಚಿತವಾಗಿರಬೇಕು ಎಂದಿರುತ್ತದೆ, ಇನ್ನೊಂದು ಕಡೆ ಸಂಯೋಜಕರು ಜೀವಂತವಾಗಿರಬೇಕು ಎಂದಿರುತ್ತದೆ, ಮತ್ತೊಂದು ಕಡೆ ಪಟ್ಟಿಯನ್ನೇ ಕೊಟ್ಟು ಅದರಿಂದ ಒಂದನ್ನು ಆರಿಸಲು ಹೇಳಿರುತ್ತಾರೆ. ವರ್ಷದ ಗಡಿ ಕಿವಿಯ ತೀರ್ಪಿಗೆ ಹೊಂದುವುದೇ ಇಲ್ಲ ಎಂಬುದನ್ನು ಗಮನಿಸಬೇಕು. ವೇಬರ್ನ್ 1910ರಲ್ಲಿ ಬರೆದ ವಯಲಿನ್ ಮತ್ತು ಪಿಯಾನೊಗಳ ನಾಲ್ಕು ಪುಟ್ಟ ಕೃತಿಗಳು ಇಂದಿಗೂ ಹೊಸದಾಗಿಯೇ ಕೇಳಿಸುತ್ತವೆ. ಪ್ರೊಕೋಫಿಯೆವ್‌ರ 1947ರ ಏಕವ್ಯಕ್ತಿ ಸೊನಾಟಾ (ಹಲವು ಭಾಗಗಳ ವಾದ್ಯಕೃತಿ) ಸಾಂಪ್ರದಾಯಿಕ ಸ್ವಭಾವದ್ದು. ಆದರೆ 1945ರ ನಂತರದ ಕೃತಿ ಬೇಕು ಎನ್ನುವ ಸ್ಪರ್ಧೆಯಲ್ಲಿ ಎರಡನೆಯದಕ್ಕೆ ಪ್ರವೇಶವುಂಟು, ಮೊದಲನೆಯದಕ್ಕೆ ಇಲ್ಲ. ಬಾರ್ಟೋಕ್‌ರ ಏಕವ್ಯಕ್ತಿ ಸೊನಾಟಾ ಇನ್ನೂ ತೊಡಕಿನದು: ಅದು ರಚಿತವಾದದ್ದು 1944ರಲ್ಲಿ, ಅಚ್ಚಾದದ್ದು 1947ರಲ್ಲಿ. ಲೆಕ್ಕಕ್ಕೆ ಬರುವುದು ರಚನೆಯ ವರ್ಷವೋ ಪ್ರಕಟಣೆಯ ವರ್ಷವೋ ಎಂಬುದು ನಿಯಮದಲ್ಲಿ ಸ್ಪಷ್ಟವಾಗಿರದಿದ್ದರೆ ಸ್ಪರ್ಧೆಯ ಕಚೇರಿಗೆ ಪತ್ರ ಬರೆದು ಕೇಳಬೇಕು ಮತ್ತು ಅವರ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಇಸಾಯ್‌ರ ಆರು ಸೊನಾಟಾಗಳು 1923ರವು; ಅನೇಕ ಸ್ಪರ್ಧೆಗಳು ಅವಕ್ಕೆ ಪ್ರತ್ಯೇಕ ಸ್ಥಾನ ಕೊಡುವುದರಿಂದ ಅವುಗಳನ್ನು ಆಧುನಿಕ ಕೃತಿಯ ಜಾಗಕ್ಕೆ ತಂದಿಡುವ ಆಲೋಚನೆ ಸಾಮಾನ್ಯವಾಗಿ ಫಲಿಸುವುದಿಲ್ಲ.

ಅವಧಿಯ ಮಿತಿ, ಏಕವ್ಯಕ್ತಿ ಕೃತಿಯೋ ಪಿಯಾನೊ ಸಹಿತವೋ, ಸ್ವರಲಿಪಿ ನೋಡಿ ನುಡಿಸಬಹುದೋ ಕಂಠಪಾಠವೇ ಆಗಬೇಕೋ, ಧ್ವನಿವರ್ಧಕ ಅಥವಾ ಇಲೆಕ್ಟ್ರಾನಿಕ್ಸ್‌ಗೆ ಅವಕಾಶವಿದೆಯೋ ಎಂಬ ನಾಲ್ಕು ಸಂಗತಿಗಳನ್ನೂ ಇದೇ ಓದಿನಲ್ಲಿ ಗುರುತಿಸಿಕೊಳ್ಳಬೇಕು. ಬೂಲೆಜ್‌ರ ‘ಆಂಥೆಮ್’ ಕೃತಿಯ ಮೊದಲ ರೂಪ ಬರಿಯ ವಯಲಿನ್‌ಗೆ ಬರೆದದ್ದು. 1997ರ ಎರಡನೆಯ ರೂಪಕ್ಕೆ ಇಲೆಕ್ಟ್ರಾನಿಕ್ಸ್ ಬೇಕು. ಅರ್ಜಿಯಲ್ಲಿ ಒಂದು ಅಂಕಿ ತಪ್ಪಿದರೆ ನುಡಿಸಲಾಗದ ಕೃತಿಗೆ ಒಪ್ಪಿಕೊಂಡಂತಾಗುತ್ತದೆ.

ನಿಯಮಗಳು ತಿಳಿದ ಮೇಲೆ ಆಯ್ಕೆಯ ನಿಜವಾದ ಪ್ರಶ್ನೆ ಎದುರಾಗುತ್ತದೆ. ಸ್ಪರ್ಧಿಗಳಲ್ಲಿ ಬೇರೂರಿರುವ ಒಂದು ನಂಬಿಕೆಯೆಂದರೆ ಕೃತಿ ಎಷ್ಟು ಕಠಿಣವೋ ಅಷ್ಟು ಒಳ್ಳೆಯದು ಎಂಬುದು. ನನ್ನ ಅಭಿಪ್ರಾಯದಲ್ಲಿ ಇದು ಆಧುನಿಕ ಕೃತಿಯ ಮಟ್ಟಿಗೆ ಪೂರ್ತಿ ತಪ್ಪು. ಬೆರಳುಗಳ ಚುರುಕು, ಕಮಾನಿನ ಹಿಡಿತ, ದ್ವಿತಂತಿ ವಾದನದ ಶುದ್ಧಿ ಇವೆಲ್ಲ ಚಮತ್ಕಾರದ ಕಿರುಕೃತಿಗಳಾದ ಪಗನೀನಿಯವರ ಕ್ಯಾಪ್ರಿಸ್‌ಗಳಲ್ಲಿಯೇ ಪರೀಕ್ಷೆಗೊಳಗಾಗಿರುತ್ತವೆ. ಆಧುನಿಕ ಕೃತಿಯಲ್ಲಿ ತೀರ್ಪುಗಾರರು ಹುಡುಕುವುದು ಬೇರೆಯದನ್ನು: ಪರಿಚಿತವಲ್ಲದ ಭಾಷೆಯೊಂದನ್ನು ಈ ವಾದಕರು ಅರ್ಥವಾಗುವಂತೆ ಆಡಬಲ್ಲರೇ? ಮೌನಕ್ಕೆ, ಒಂದೇ ಸ್ವರದ ಬಣ್ಣ ಬದಲಾಗುವುದಕ್ಕೆ, ಲಯ ಮುರಿದು ಮತ್ತೆ ಕೂಡುವುದಕ್ಕೆ ಕಾರಣವಿದೆ ಎಂದು ಕೇಳುಗರಿಗೆ ಅನ್ನಿಸುವಂತೆ ಮಾಡಬಲ್ಲರೇ? ಆದ್ದರಿಂದ ಕೃತಿ ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಹೇಳಲು ನಿಮಗೆ ಸಾಧ್ಯವಾಗುತ್ತದೆಯೇ ಎಂಬುದೇ ಮೊದಲ ಪರೀಕ್ಷೆಯಾಗಬೇಕು. ಬೆರಿಯೊರ 1976ರ ‘ಸೆಕ್ವೆಂಝಾ’ ಎಂಟನೆಯದು ಎ ಮತ್ತು ಬಿ ಎಂಬ ಎರಡು ನೆರೆಯ ಸ್ವರಗಳನ್ನು ದಿಕ್ಸೂಚಿಯಂತೆ ಹಿಡಿದು ಸಾಗುತ್ತದೆ. ಉಳಿದದ್ದೆಲ್ಲ ಅವುಗಳಿಂದ ದೂರ ಹೋಗುವ, ಅವಕ್ಕೆ ಮರಳುವ ಪಯಣ. ಇದನ್ನು ಕಂಡುಕೊಂಡವರ ಕೈಯಲ್ಲಿ ಆ ಕೃತಿ ಸುಮಾರು ಹದಿಮೂರು ನಿಮಿಷಗಳ ಒಂದೇ ಉಸಿರಾಗುತ್ತದೆ. ಕಾಣದವರ ಕೈಯಲ್ಲಿ ಗದ್ದಲದ ತುಣುಕುಗಳ ಸಾಲಾಗುತ್ತದೆ. ಕೃತಿಯ ಕಟ್ಟೋಣವನ್ನು ಹೇಳಲಾಗದಿದ್ದರೆ, ಅದು ಎಷ್ಟೇ ಆಕರ್ಷಕವಾಗಿದ್ದರೂ, ಈ ಸಲದ ಸ್ಪರ್ಧೆಗೆ ಅದನ್ನು ಬಿಟ್ಟುಬಿಡುವುದು ಮೇಲು.

ಎರಡನೆಯ ಪರೀಕ್ಷೆ ನಿಮ್ಮ ಸ್ವಭಾವಕ್ಕೂ ವಾದ್ಯಕ್ಕೂ ಸಂಬಂಧಿಸಿದ್ದು. ಶಾರ್ರೀನೊರ 1976ರ ಆರು ಕ್ಯಾಪ್ರಿಸ್‌ಗಳು ಬಹುಪಾಲು ತಂತಿಯನ್ನು ಹಗುರವಾಗಿ ಮುಟ್ಟಿ ಹೊರಡಿಸುವ ನವಿರು ಸ್ವರಗಳಾದ ಹಾರ್ಮೋನಿಕ್ಸ್‌ಗಳ ಮೇಲೆಯೇ ನಿಂತಿವೆ. ಅವು ಸಣ್ಣ ಕೋಣೆಯಲ್ಲಿ ಬೆರಗು ಹುಟ್ಟಿಸುತ್ತವೆ. ಆದರೆ ಎಲ್ಲ ವಾದ್ಯಗಳೂ ಮೇಲಿನ ಹಾರ್ಮೋನಿಕ್ಸ್‌ಗಳಿಗೆ ಒಂದೇ ಬಗೆಯಲ್ಲಿ ಓಗೊಡುವುದಿಲ್ಲ, ಮತ್ತು ದೊಡ್ಡ ಸಭಾಂಗಣದಲ್ಲಿ ಆ ನವಿರು ಧ್ವನಿ ತೀರ್ಪುಗಾರರ ಮೇಜಿನವರೆಗೆ ತಲಪುತ್ತದೆ ಎಂಬ ಖಾತರಿಯಿಲ್ಲ. ಇಂಥ ಕೃತಿಯನ್ನು ಒಪ್ಪಿಕೊಳ್ಳುವ ಮೊದಲು ಒಂದು ಪುಟವನ್ನಷ್ಟೇ ಕಲಿತು, ಸ್ಪರ್ಧೆಗೆ ಒಯ್ಯುವ ವಾದ್ಯದಲ್ಲಿಯೇ ದೊಡ್ಡ ಸಭಾಂಗಣದಲ್ಲಿ ನುಡಿಸಿ, ಹಿಂದಿನ ಸಾಲಿನಲ್ಲಿ ಕುಳಿತ ಒಬ್ಬರಿಂದ ಧ್ವನಿಮುದ್ರಣ ಮಾಡಿಸಿ ಕೇಳಬೇಕು. ಹಾಗೆಯೇ, ದೀರ್ಘವಾದ ಹಾಡುವ ಗುಣದ ಸಾಲುಗಳಲ್ಲಿ ಅರಳುವ ವಾದಕರು ಕೇವಲ ‘ಧೈರ್ಯವಂತರು’ ಎನ್ನಿಸಿಕೊಳ್ಳುವ ಆಸೆಯಿಂದ ಕರ್ಕಶ ಸದ್ದುಗಳ ಕೃತಿಯನ್ನು ಹಿಡಿಯಬಾರದು. ಅವರಿಗೆ ಮೆಸ್ಸಿಯಾನ್‌ರ 1932ರ ‘ಥೀಮ್ ಮತ್ತು ವೇರಿಯೇಶನ್ಸ್’ ನಿಯಮದ ಗಡಿಯೊಳಗೆ ಬಂದರೆ ಅದು, ಬಾರದಿದ್ದರೆ ಸಾರಿಯಾಹೊರ 1994ರ ‘ನಾಕ್ಟರ್ನ್’ ಹೆಚ್ಚು ಒಗ್ಗಬಹುದು. ಲೂಟೊಸ್ವಾವ್ಸ್ಕಿಯವರ ನೆನಪಿಗೆ ಬರೆದ ಈ ‘ನಾಕ್ಟರ್ನ್’ ಚಿಕ್ಕದಾದರೂ ಕಮಾನಿನ ಒತ್ತಡ ಮತ್ತು ಧ್ವನಿಯ ಬಣ್ಣದ ಮೇಲೆ ವಾದಕರಿಗೆ ಎಷ್ಟು ಹತೋಟಿಯಿದೆ ಎಂಬುದನ್ನು ಮುಚ್ಚಿಡಲು ಬಿಡುವುದಿಲ್ಲ.

ಜನಪ್ರಿಯ ಕೃತಿಯೋ ಅಪರೂಪದ ಕೃತಿಯೋ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಪದೇ ಪದೇ ಕೇಳಿಬರುವ ಕೃತಿಯಲ್ಲಿ ತೀರ್ಪುಗಾರರಿಗೆ ಹೋಲಿಕೆ ಸುಲಭ, ಸಣ್ಣ ಲೋಪವೂ ಎದ್ದು ಕಾಣುತ್ತದೆ. ಯಾರೂ ಕೇಳದ ಕೃತಿಯಲ್ಲಿ ಕೃತಿಯ ದೌರ್ಬಲ್ಯವನ್ನೇ ವಾದಕರ ದೌರ್ಬಲ್ಯವೆಂದು ಎಣಿಸುವ ಅಪಾಯವಿದೆ. ಇವೆರಡರ ನಡುವೆ ಉಪಯುಕ್ತವಾದ ಒಂದು ವರ್ಗವಿದೆ, ಅದು ಸ್ಪರ್ಧೆಗಳಿಗಾಗಿಯೇ ಬರೆಯಿಸಿದ ಕೃತಿಗಳದ್ದು. ಬೂಲೆಜ್‌ರ ‘ಆಂಥೆಮ್’ 1991ರಲ್ಲಿ ವಯಲಿನ್ ವಾದಕ ಯೆಹೂದಿ ಮೆನುಹಿನ್ ಹೆಸರಿನ ಸ್ಪರ್ಧೆಗಾಗಿ ಹುಟ್ಟಿತು. ಲೂಟೊಸ್ವಾವ್ಸ್ಕಿಯವರ ‘ಸೂಬಿಟೊ’ 1992ರಲ್ಲಿ ಬರೆದದ್ದು, 1994ರ ಇಂಡಿಯಾನಾಪೊಲಿಸ್ ಸ್ಪರ್ಧೆಗೆ. ಇಂಥ ಕೃತಿಗಳಲ್ಲಿ ಸಂಯೋಜಕರು ಕಡಿಮೆ ಸಮಯದಲ್ಲಿ ವಾದಕರ ಹಲವು ಮುಖಗಳನ್ನು ಹೊರತರಬೇಕಾದ ಅಗತ್ಯವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ‘ಸೂಬಿಟೊ’ ಸುಮಾರು ಐದು ನಿಮಿಷಗಳದ್ದು. ಅಷ್ಟರಲ್ಲಿಯೇ ಥಟ್ಟನೆ ಬದಲಾಗುವ ಭಾವಗಳನ್ನು ಅದು ವಾದಕರ ಮುಂದೆ ಒಡ್ಡುತ್ತದೆ. ಸಮಯದ ಮಿತಿ ಬಿಗಿಯಾಗಿರುವ ಸುತ್ತಿಗೆ ಇದಕ್ಕಿಂತ ವಿವೇಕದ ಆಯ್ಕೆ ನನಗೆ ಸುಲಭವಾಗಿ ಹೊಳೆಯುವುದಿಲ್ಲ. ತೀರ್ಪುಗಾರರಲ್ಲಿ ಒಬ್ಬರು ಪ್ರಥಮ ಪ್ರದರ್ಶನ ನೀಡಿದ ಕೃತಿಯನ್ನು ಅವರನ್ನು ಮೆಚ್ಚಿಸಲೆಂದು ಆರಿಸುವವರೂ ಇದ್ದಾರೆ. ಆ ಕೃತಿಯ ಪ್ರತಿ ಸ್ವರವನ್ನೂ ಬಲ್ಲವರ ಮುಂದೆ ಅದನ್ನು ನುಡಿಸುವ ಇಕ್ಕಟ್ಟು ಅವರಿಗೆ ವೇದಿಕೆಯ ಮೇಲೆ ಮಾತ್ರ ತಿಳಿಯುತ್ತದೆ.

ಕಾರ್ಯಕ್ರಮದಲ್ಲಿ ಆಧುನಿಕ ಕೃತಿ ಒಂಟಿಯಾಗಿ ನಿಲ್ಲದಂತೆ ನೋಡಿಕೊಳ್ಳುವುದು ಚೆನ್ನ. ಬಾಖ್‌ರ ಡಿ ಮೈನರ್ ಪಾರ್ಟಿಟಾದ ಷಕಾನ್ (ಒಂದೇ ಮಾದರಿ ಮರಳಿ ಮರಳಿ ಬರುತ್ತ ಅದರ ಮೇಲೆ ಬದಲಾವಣೆಗಳು ಬೆಳೆಯುವ ರೂಪ) ನುಡಿಸುವವರು ಸಲೋನೆನ್‌ರ 2002ರ ‘ಲಾಖೆನ್ ಫೆರ್‌ಲೆರ್ನ್ಟ್’ ಅನ್ನು ಪರಿಶೀಲಿಸಬಹುದು, ಏಕೆಂದರೆ ಅದೂ ಷಕಾನ್ ರೂಪದ್ದೇ; ಒಂದೇ ರೂಪ ಸುಮಾರು ಮುನ್ನೂರು ವರ್ಷಗಳ ಅಂತರದಲ್ಲಿ ಹೇಗೆ ಉಸಿರಾಡುತ್ತದೆ ಎಂಬುದು ವಿವರಣೆಯಿಲ್ಲದೆಯೇ ಕೇಳುಗರಿಗೆ ಹೊಳೆಯುತ್ತದೆ. ಬೆರಿಯೊರ ಕೃತಿಗೂ ಅದೇ ಷಕಾನ್‌ನ ನೆರಳಿದೆ. ಶ್ನಿಟ್ಕೆಯವರ 1982ರ ‘ಆ ಪಗನೀನಿ’ಯಲ್ಲಿ ಪಗನೀನಿಯವರ ಕ್ಯಾಪ್ರಿಸ್‌ಗಳ ಚೂರುಗಳು ಇಣುಕುತ್ತವೆಯಾದ್ದರಿಂದ, ಅದೇ ಸುತ್ತಿನಲ್ಲಿ ಕ್ಯಾಪ್ರಿಸ್‌ಗಳನ್ನೂ ನುಡಿಸಬೇಕಾದವರಿಗೆ ಅದು ಸಹಜ ಜೊತೆ. ಆದರೆ ಸಂಬಂಧ ಕಲ್ಪಿಸುವ ಹುಮ್ಮಸ್ಸಿನಲ್ಲಿ ನಿಮಗೆ ಹಿಡಿಸದ ಕೃತಿಯನ್ನು ಕಟ್ಟಿಕೊಳ್ಳುವ ಅಗತ್ಯವಿಲ್ಲ.

ಕ್ರಮದ ವಿಷಯದಲ್ಲಿ ಒಂದು ಪ್ರಾಯೋಗಿಕ ಎಚ್ಚರಿಕೆ ಅಗತ್ಯ. ತಂತಿಯನ್ನು ಬಲವಾಗಿ ಮೀಟುವ ಪಿಟ್ಸಿಕಾಟೊ ಇರುವ ಕೃತಿಯ ನಂತರ ಶ್ರುತಿ ಇಳಿದಿರುತ್ತದೆ. ಕೃತಿಯ ನಡುವೆ ತಂತಿಯ ಶ್ರುತಿಯನ್ನೇ ಬದಲಿಸಬೇಕಾದ ಕೃತಿಯ ನಂತರವಂತೂ ತಂತಿಗಳು ನೆಲೆಗೊಳ್ಳಲು ಹೊತ್ತು ಬೇಕು. ಅದರ ಬೆನ್ನಿಗೇ ಬಾಖ್‌ರ ಫ್ಯೂಗ್ (ಹಲವು ಸ್ವರಸಾಲುಗಳು ಹೆಣೆದುಕೊಳ್ಳುವ ರಚನೆ) ಇಟ್ಟುಕೊಂಡರೆ ಶುದ್ಧ ಸ್ವರಕ್ಕೆ ಪಟ್ಟ ಶ್ರಮವೆಲ್ಲ ವ್ಯರ್ಥವಾಗಬಹುದು. ಸಾಧ್ಯವಾದರೆ ಇಂಥದ್ದನ್ನು ಸುತ್ತಿನ ಕೊನೆಯಲ್ಲಿ ಇಡಬೇಕು. ಕಮಾನಿನ ಕಡ್ಡಿಯಿಂದ ತಂತಿಯನ್ನು ಬಡಿಯಬೇಕಾದ ಭಾಗಗಳಿದ್ದರೆ ಬೆಲೆಬಾಳುವ ಕಮಾನನ್ನು ಬದಿಗಿಟ್ಟು ಮತ್ತೊಂದನ್ನು ಬಳಸುವುದು ವಾಡಿಕೆ. ಕಮಾನು ಬದಲಿಸಲು ಎಲ್ಲಿ ಬಿಡುವಿದೆ ಎಂಬುದನ್ನು ಅಭ್ಯಾಸದಲ್ಲಿಯೇ ಗೊತ್ತುಮಾಡಿಕೊಳ್ಳಬೇಕು.

ಪಿಯಾನೊ ಸಹಿತವಾದ ಕೃತಿಯನ್ನು ಆರಿಸುವವರು ತಮ್ಮ ಭಾಗಕ್ಕಿಂತ ಮೊದಲು ಪಿಯಾನೊ ಭಾಗವನ್ನು ನೋಡಬೇಕು. ಅನೇಕ ಸ್ಪರ್ಧೆಗಳಲ್ಲಿ ಅಧಿಕೃತ ಪಿಯಾನೊ ವಾದಕರೇ ಹಲವು ಸ್ಪರ್ಧಿಗಳಿಗೆ ನುಡಿಸುತ್ತಾರೆ ಮತ್ತು ಒಟ್ಟಿಗೆ ಅಭ್ಯಾಸ ಮಾಡಲು ದೊರೆಯುವ ಸಮಯ ತೀರ ಕಡಿಮೆ. ಅಪರೂಪದ, ಲಯ ಕ್ಷಣಕ್ಷಣಕ್ಕೂ ಬದಲಾಗುವ ಕೃತಿಯನ್ನು ಅವರ ಮುಂದಿಟ್ಟರೆ ಆ ಸಮಯವೆಲ್ಲ ಜೊತೆಗೂಡುವುದರಲ್ಲಿಯೇ ಕಳೆದುಹೋಗುತ್ತದೆ. ಸ್ವಂತ ಪಿಯಾನೊ ವಾದಕರನ್ನು ಕರೆದೊಯ್ಯಲು ಅನುಮತಿ ಮತ್ತು ಅನುಕೂಲ ಎರಡೂ ಇಲ್ಲದಿದ್ದರೆ ಏಕವ್ಯಕ್ತಿ ಕೃತಿಯೇ ಸುರಕ್ಷಿತ. ಅಂತಿಮ ಸುತ್ತಿನಲ್ಲಿ ವಾದ್ಯವೃಂದದೊಡನೆ ನುಡಿಸುವ ಕಾನ್ಚೆರ್ಟೊಗೂ ಇದೇ ತರ್ಕ ಇನ್ನೂ ಹೆಚ್ಚಿನ ಬಲದಿಂದ ಅನ್ವಯಿಸುತ್ತದೆ. ಲಿಗೆಟಿಯವರ ವಯಲಿನ್ ಕಾನ್ಚೆರ್ಟೊದಲ್ಲಿ ವಾದ್ಯವೃಂದದ ಒಂದು ವಯಲಿನ್ ಮತ್ತು ಒಂದು ವಿಯೋಲಾ ಬೇರೆಯ ಶ್ರುತಿಯಲ್ಲಿರುತ್ತವೆ, ಗಾಳಿವಾದ್ಯದವರು ಒಕರೀನಾ ಎಂಬ ಪುಟ್ಟ ಊದುವಾದ್ಯವನ್ನೂ ನುಡಿಸಬೇಕಾಗುತ್ತದೆ. ಒಂದೆರಡು ಅಭ್ಯಾಸಗಳಲ್ಲಿ ಇದನ್ನು ಹದಕ್ಕೆ ತರುವುದು ಯಾವ ವಾದ್ಯವೃಂದಕ್ಕೂ ಸುಲಭವಲ್ಲ. ಶಾಸ್ಟಕೊವಿಚ್‌ರ ಮೊದಲನೆಯ ಕಾನ್ಚೆರ್ಟೊ ವಾದ್ಯವೃಂದಗಳಿಗೆ ಚೆನ್ನಾಗಿ ಪರಿಚಿತ. ಅಂತಿಮ ಸುತ್ತಿಗೆ ಅದನ್ನು ಆರಿಸುವವರು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಯಾವ ಮುದ್ರಣವನ್ನು ಬಳಸಬೇಕು ಎಂಬುದನ್ನೂ ಆಯ್ಕೆಯ ಭಾಗವಾಗಿಯೇ ಎಣಿಸಬೇಕು. ಬಾರ್ಟೋಕ್‌ರ ಸೊನಾಟಾವನ್ನು ಬರೆಯಿಸಿದವರು ಮೆನುಹಿನ್. ಅವರು ಸಂಪಾದಿಸಿದ ಮೊದಲ ಮುದ್ರಣದಲ್ಲಿ ಕೊನೆಯ ಭಾಗದ, ಅರ್ಧಸ್ವರದ ಅರ್ಧದಷ್ಟೇ ಅಂತರವಿರುವ ಕ್ವಾರ್ಟರ್ ಟೋನ್‌ಗಳಿಗೆ ಬದಲಾಗಿ ಸಾಮಾನ್ಯ ಸ್ವರಗಳಿದ್ದವು. 1994ರಲ್ಲಿ ಸಂಯೋಜಕರ ಮೂಲ ಪಾಠ ಅಚ್ಚಾದ ಮೇಲೆ ಎರಡೂ ಚಾಲ್ತಿಯಲ್ಲಿವೆ. ಯಾವುದನ್ನು ನುಡಿಸುತ್ತೀರಿ ಎಂಬುದಕ್ಕೆ ನಿಮ್ಮಲ್ಲಿ ಕಾರಣವಿರಬೇಕು. ಕ್ವಾರ್ಟರ್ ಟೋನ್ ಆರಿಸಿದರಂತೂ ಅವು ಬೇಕೆಂದೇ ನುಡಿಸಿದ ಸ್ವರಗಳೆಂದು ಕೇಳಿಸುವಷ್ಟು ನಿಖರತೆ ಬೇಕು. ಇಲ್ಲವಾದರೆ ಅವು ಅಪಸ್ವರಗಳೆಂದೇ ದಾಖಲಾಗುತ್ತವೆ.

ಕೆಲವು ಸ್ಪರ್ಧೆಗಳಲ್ಲಿ ಆಯ್ಕೆಗೆ ಆಸ್ಪದವಿಲ್ಲದ ಹೊಸ ಕೃತಿಯೊಂದನ್ನು ಎಲ್ಲರೂ ನುಡಿಸಬೇಕಾಗುತ್ತದೆ. ಬ್ರಸೆಲ್ಸ್‌ನ ಕ್ವೀನ್ ಎಲಿಸಬೆತ್ ಸ್ಪರ್ಧೆಯ ಅಂತಿಮ ಸುತ್ತಿನವರು ಹೊರಗಿನ ಸಂಪರ್ಕವಿಲ್ಲದೆ ಸುಮಾರು ಒಂದು ವಾರ ಉಳಿದು, ಅಪ್ರಕಟಿತ ಕೃತಿಯೊಂದನ್ನು ಗುರುಗಳ ನೆರವಿಲ್ಲದೆ ಕಲಿಯುವ ಪದ್ಧತಿ ಪ್ರಸಿದ್ಧವಾದದ್ದು. ಇಂಥ ಸ್ಪರ್ಧೆಗೆ ಹೋಗುವವರು ತಾವೇ ಆರಿಸುವ ಆಧುನಿಕ ಕೃತಿಯನ್ನು ಅದರ ಪೂರ್ವಸಿದ್ಧತೆಯಾಗಿಯೂ ಬಳಸಿಕೊಳ್ಳಬಹುದು: ಧ್ವನಿಮುದ್ರಣಗಳನ್ನು ಕೇಳುವ ಮೊದಲೇ ಸ್ವರಲಿಪಿಯನ್ನು ಕೈಗೆತ್ತಿಕೊಂಡು, ವಾದ್ಯವಿಲ್ಲದೆ ಲಯವನ್ನು ಎಣಿಸಿ, ಅಪರಿಚಿತ ಚಿಹ್ನೆಗಳ ಅರ್ಥವನ್ನು ಕೃತಿಯ ಮುನ್ನುಡಿಯಿಂದಲೇ ತಿಳಿದುಕೊಂಡು, ಒಂದು ವಾರದಲ್ಲಿ ಎಷ್ಟು ದೂರ ಸಾಗಬಹುದೆಂದು ನೋಡುವುದು. ಧ್ವನಿಮುದ್ರಣದಿಂದ ಕಲಿತ ಆಧುನಿಕ ಕೃತಿ ಅನುಕರಣೆಯಾಗಿ ಉಳಿಯುತ್ತದೆ, ಮತ್ತು ಅನುಭವಿ ತೀರ್ಪುಗಾರರು ಮೂಲ ವಾದಕರು ಯಾರೆಂಬುದನ್ನು ಗುರುತಿಸಬಲ್ಲರು.

ಎರಡು ಮೂರು ಕೃತಿಗಳು ಉಳಿದಿರುವಾಗ ಅವುಗಳಲ್ಲಿ ಪ್ರತಿಯೊಂದರ ಒಂದು ಕಠಿಣ ಪುಟವನ್ನೂ ಒಂದು ನಿಧಾನದ ಪುಟವನ್ನೂ ಕಲಿತು, ಸಂಗೀತ ಬಲ್ಲವರ ಮುಂದೆಯೂ ಅರಿಯದವರ ಮುಂದೆಯೂ ನುಡಿಸಿ ನೋಡಬೇಕು. ಅರಿಯದವರು ಎಲ್ಲಿ ಗಮನ ಕಳೆದುಕೊಂಡರೋ ಅಲ್ಲಿ ವಾದಕರಿಗೂ ಹೇಳಬೇಕಾದದ್ದು ಸ್ಪಷ್ಟವಾಗಿರಲಿಲ್ಲ ಎಂದು ತಿಳಿಯಬಹುದು. ಆಮೇಲೆ, ಅಭ್ಯಾಸಕ್ಕೆಂದು ವಯಲಿನ್ ಪೆಟ್ಟಿಗೆಯನ್ನು ತೆರೆದಾಗ ಬೇರೆಯವರ ಒತ್ತಾಯವಿಲ್ಲದೆ ಕೈ ಯಾವ ಸ್ವರಲಿಪಿಯತ್ತ ಹೋಗುತ್ತದೆಯೋ ಅದನ್ನು ಇಟ್ಟುಕೊಂಡು ಉಳಿದವನ್ನು ಬಿಡಬೇಕು, ಏಕೆಂದರೆ ಸ್ಪರ್ಧೆಯ ದಿನದವರೆಗೆ ಆ ಕೃತಿಯೊಡನೆ ತಿಂಗಳುಗಟ್ಟಲೆ ಬಾಳಬೇಕಾಗಿದೆ.

ಅರ್ಜಿ ತುಂಬುವಾಗ ಸಂಯೋಜಕರ ಪೂರ್ಣ ಹೆಸರು, ಕೃತಿಯ ಮೂಲ ಶೀರ್ಷಿಕೆ, ರಚನೆಯ ವರ್ಷ, ನುಡಿಸುವ ಭಾಗಗಳು, ಪ್ರಕಾಶಕರು ಮತ್ತು ಗಡಿಯಾರ ಹಿಡಿದು ಅಳೆದ ನಿಮ್ಮದೇ ವಾದನದ ಅವಧಿ ಇವನ್ನು ನಮೂದಿಸಬೇಕು. ಪುಸ್ತಕದಲ್ಲಿ ಅಚ್ಚಾದ ಅವಧಿಯನ್ನು ನಂಬಬಾರದು, ಏಕೆಂದರೆ ಮಿತಿ ಮೀರಿದರೆ ನಡುವೆಯೇ ನಿಲ್ಲಿಸುವ ಅಧಿಕಾರವನ್ನು ಅನೇಕ ತೀರ್ಪುಮಂಡಳಿಗಳು ಉಳಿಸಿಕೊಂಡಿರುತ್ತವೆ. ತೀರ್ಪುಗಾರರಿಗೆ ಸ್ವರಲಿಪಿಯ ಪ್ರತಿಗಳನ್ನು ಒದಗಿಸಬೇಕೆಂಬ ಷರತ್ತಿದ್ದರೆ ಪ್ರಕಾಶಕರ ಅನುಮತಿಗೆ ಆಗಲೇ ಬರೆಯಬೇಕು. ಕೊನೆಯ ದಿನಾಂಕ ದಾಟಿದ ಮೇಲೆ ಕೃತಿ ಬದಲಾವಣೆಯನ್ನು ಹೆಚ್ಚಿನ ಸ್ಪರ್ಧೆಗಳು ಒಪ್ಪುವುದಿಲ್ಲವಾದ್ದರಿಂದ, ಕಳುಹಿಸುವ ಮುನ್ನ ಪಟ್ಟಿಯನ್ನು ನಿಯಮಾವಳಿಯ ಪಕ್ಕದಲ್ಲಿಟ್ಟು ಮತ್ತೊಬ್ಬರಿಂದ ಓದಿಸುವುದು ಒಳ್ಳೆಯದು.