ಟೆಂಡರ್ ದಿನ ನನ್ನ ಕೈ ಹಿಡಿಯುವ ಚೀಟಿ

ನಾನು ಖಾರದ ಪುಡಿ ಮಾಡಿ ಮಾರುವವನು. ಮೆಣಸಿನಕಾಯಿ ಕೊಳ್ಳುವುದು ಬ್ಯಾಡಗಿ ಮಾರುಕಟ್ಟೆಯಲ್ಲಿ, ಸೋಮವಾರ ಮತ್ತು ಗುರುವಾರ. ಲಾಟುಗಳನ್ನು ಸುತ್ತಿ ನೋಡಿ, ಹೊತ್ತು ಮುಗಿಯುವುದರೊಳಗೆ ಕ್ವಿಂಟಲಿಗೆ ಇಷ್ಟು ಅಂತ ರೇಟು ಹಾಕಬೇಕು. ಅಷ್ಟರಲ್ಲಿ ಯಾರೋ ಬಂದು "ಇವತ್ತು ಡಬ್ಬಿ ಏರ್ತದಂತ್ರೀ" ಅಂತಾರೆ. (ಡಬ್ಬಿ, ಕಡ್ಡಿ ಅಂದರೆ ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆ.) ಎದೆ ಡವಡವ ಅನ್ನುತ್ತೆ, ಕೈ ಮೇಲಿನ ರೇಟಿಗೆ ಹೋಗುತ್ತೆ.

ಆ ಹೊತ್ತಲ್ಲಿ ಮನಸ್ಸು ಗಟ್ಟಿ ಮಾಡ್ಕೋ ಅನ್ನೋದು ಸುಮ್ನೆ ಮಾತು. ಲೋಗನ್ ಮತ್ತು ಕೋವನ್ ಅನ್ನುವ ಮನಶ್ಶಾಸ್ತ್ರಜ್ಞರು 1984ರಲ್ಲಿ, ಹೊರಟ ಕೈಯನ್ನು ತಡೆಯುವ ಈ ಕೆಲಸವನ್ನು ಓಟದ ಪಂದ್ಯದ ಹಾಗೆ ವಿವರಿಸಿದರು: 'ಮಾಡು' ಮತ್ತು 'ನಿಲ್ಲು' ಒಳಗೇ ಓಡುತ್ತವೆ, ಮೊದಲು ಮುಟ್ಟಿದ್ದು ಗೆಲ್ಲುತ್ತೆ. ಅವರ ಪ್ರಯೋಗ ಕಣ್ಣು ಮಿಟುಕಿಸುವಷ್ಟು ಹೊತ್ತಿನದು, ನನ್ನ ಟೆಂಡರ್ ಅಷ್ಟು ಚಿಕ್ಕದಲ್ಲ, ಆದರೂ ನನಗೆ ದಾರಿ ಕಂಡಿದ್ದು ಅಲ್ಲೇ. 'ನಿಲ್ಲು' ತಡವಾಗಿ ಹೊರಟರೆ ಸೋಲುತ್ತೆ ಅಂದಮೇಲೆ ಅದನ್ನು ಹಿಂದಿನ ರಾತ್ರಿಯೇ ಹೊರಡಿಸಬೇಕು, ಅಲ್ವಾ?

ಹಾಗಾಗಿ ರಾತ್ರಿ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಚೀಟಿ ಬರೆಯುತ್ತೇನೆ. ಡಬ್ಬಿಗೆ ಕೊನೆ ರೇಟು, ಕಡ್ಡಿಗೆ ಕೊನೆ ರೇಟು, ಎಷ್ಟು ಚೀಲ. ಕೆಳಗೆ: 'ಏರ್ತದೆ ಅಂತ ಯಾರಾದರೂ ಅಂದರೆ, ಚೀಲಕ್ಕೆ ಕೈ ಹಾಕಿ ಕಾಯಿ ಮುರಿಯುತ್ತೇನೆ.' ಹೀಗಾದರೆ ಹೀಗೆ ಮಾಡುತ್ತೇನೆ ಅಂತ ಮೊದಲೇ ಕಟ್ಟಿಕೊಳ್ಳುವ ಈ ಪದ್ಧತಿಯ ಮೇಲೆ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಬಹಳ ಕೆಲಸ ಮಾಡಿದ್ದಾರೆ. ಬರೀ 'ದುಡುಕಬಾರದು' ಅಂತ ಬರೆದಿಟ್ಟರೆ ಏನೂ ಆಗಲ್ಲ. ಕೈಗೆ ಒಂದು ಕೆಲಸ ಕೊಡಬೇಕು. ಕಾಯಿ ಪಟ್ ಅಂತ ಮುರಿದರೆ ಒಣಗಿದೆ, ಬಾಗಿದರೆ ತೇವ ಇದೆ. ಬಣ್ಣ, ತೇವ ಕಣ್ಣಾರೆ ನೋಡುವಷ್ಟರಲ್ಲಿ ಆ ಗಾಳಿಮಾತಿನ ಬಿಸಿ ಇಳಿದಿರುತ್ತೆ. ಅಂಗಡಿಯ ಕಾಕಾ "ಎಷ್ಟ್ ಹಾಕೂಣ್ರೀ?" ಅಂದಾಗ ಚೀಟಿ ನೋಡಿಯೇ ಹೇಳುತ್ತೇನೆ.

ಹಾಗಂತ ಎಲ್ಲದಕ್ಕೂ ಚೀಟಿ ಬರೆದರೆ ವ್ಯಾಪಾರ ನಿಂತೇ ಹೋಗುತ್ತೆ. ಮನಶ್ಶಾಸ್ತ್ರಜ್ಞ ಸ್ಕಾಟ್ ಡಿಕ್‌ಮನ್ 1990ರಲ್ಲೇ ಹೇಳಿದ್ದರು, ಥಟ್ಟನೆ ಮುನ್ನುಗ್ಗುವುದರಲ್ಲಿ ಉಪಯೋಗಕ್ಕೆ ಬರುವಂಥದ್ದೂ ಇದೆ, ತೊಂದರೆ ಕೊಡುವಂಥದ್ದೂ ಇದೆ ಅಂತ. ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ನಾಳೆ ವಾಪಸ್ ತಗೋಬಹುದಾ? ಹೊಸ ಪ್ಯಾಕೆಟ್ ಸೈಜು, ಹೊಸ ಕಿರಾಣಿ ಅಂಗಡಿಗೆ ಸ್ಯಾಂಪಲ್ಲು, ಇವಕ್ಕೆ ನಿಂತಲ್ಲೇ ಹೂಂ ಅಂತೀನಿ. ಕೋಲ್ಡ್ ಸ್ಟೋರೇಜಿಗೆ ತುಂಬುವ ಮಾಲು, ಸಾಲ, ಪಾಲುದಾರಿಕೆ ಅಂದರೆ ಒಂದು ರಾತ್ರಿ ಕಳೆಯಲೇಬೇಕು. ಖುಷಿಯಲ್ಲಿದ್ದಾಗ ಜಾಸ್ತಿ ಹುಷಾರು: ದೊಡ್ಡ ಆರ್ಡರ್ ಸಿಕ್ಕ ದಿನ ನಾನು ಮಾಲು ಕೊಳ್ಳಲು ಹೋಗುವುದಿಲ್ಲ.