ಹಿರಿಯ ಶಿಕ್ಷಕರ ನೌಕರಿಗೆ ಕುತ್ತು ಬಂದಾಗ: ಮುಂಬಯಿ, ಪುಣೆಯ ಕನ್ನಡಿಗರು ಜೊತೆಗೆ ನಿಲ್ಲುವ ಬಗೆ

ಇಪ್ಪತ್ತೈದು, ಮೂವತ್ತು ವರ್ಷ ಒಂದೇ ಶಾಲೆಯಲ್ಲಿ ಪಾಠ ಹೇಳಿದ ಶಿಕ್ಷಕರೊಬ್ಬರಿಗೆ ಆಡಳಿತ ಮಂಡಳಿಯ ನೋಟಿಸು ಬಂದಿದೆ, ಕೆಲಸದಿಂದ ತೆಗೆಯುತ್ತಾರಂತೆ ಎಂಬ ಸುದ್ದಿ ಹಬ್ಬಿದ ಕೂಡಲೇ ಹಳೆಯ ವಿದ್ಯಾರ್ಥಿಗಳು ವಾಟ್ಸ್‌ಆ್ಯಪ್ ಗುಂಪು ಕಟ್ಟುತ್ತಾರೆ, ಸಹಿ ಸಂಗ್ರಹಿಸುತ್ತಾರೆ, ಸಂಘದ ಹಿರಿಯರಿಗೆ ಫೋನ್ ಮಾಡುತ್ತಾರೆ. ಈ ಕಳಕಳಿಗೆ ಖಂಡಿತ ಬೆಲೆಯಿದೆ. ಆದರೆ ಮಹಾರಾಷ್ಟ್ರದ ಖಾಸಗಿ ಶಾಲೆಗಳ ನೌಕರರ ಸೇವಾ ಷರತ್ತುಗಳನ್ನು 1977ರ ಕಾಯಿದೆ ಮತ್ತು 1981ರ ನಿಯಮಗಳು ನಿಯಂತ್ರಿಸುತ್ತವೆ. ಅವುಗಳಲ್ಲಿ ಹೆಜ್ಜೆಹೆಜ್ಜೆಗೂ 7 ದಿನ, 15 ದಿನ, 30 ದಿನ ಎಂಬ ಗಡುವುಗಳಿವೆ. ಗಡುವಿನೊಳಗೆ ಸರಿಯಾದ ಜಾಗಕ್ಕೆ ತಲುಪಿದ ಒಂದೇ ಒಂದು ಕಾಗದ, ಗಡುವು ಕಳೆದ ಮೇಲೆ ಬಂದ ಸಾವಿರ ಸಹಿಗಳು ಮಾಡಲಾರದ್ದನ್ನು ಮಾಡುತ್ತದೆ. ಆದ್ದರಿಂದ ಸಮುದಾಯದ ಬೆಂಬಲವನ್ನು ಕಾಗದ, ಸಮಯ ಮತ್ತು ಜನರ ರೂಪಕ್ಕೆ ತರುವುದು ಹೇಗೆ ಎಂಬುದನ್ನಷ್ಟೇ ಇಲ್ಲಿ ವಿವರಿಸಲಾಗಿದೆ.

ಮೊದಲು ನಾಲ್ಕೈದು ಮಂದಿಯ ಸಣ್ಣ ಗುಂಪು ಸಾಕು. ಅವರಲ್ಲಿ ಒಬ್ಬರಿಗಾದರೂ ಸರಕಾರಿ ಮರಾಠಿಯನ್ನು ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸ ಇರಬೇಕು. ಕನ್ನಡ ಮಾಧ್ಯಮದಲ್ಲೇ ಕಲಿತು, ಕನ್ನಡ ಮಾಧ್ಯಮದಲ್ಲೇ ಕಲಿಸಿದ ಶಿಕ್ಷಕರಿಗೆ ಬರುವ ಆರೋಪಪತ್ರ ಬಹುತೇಕ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ದಿನಬಳಕೆಯ ಮರಾಠಿ ಚೆನ್ನಾಗಿ ಬಲ್ಲವರೂ ಕಚೇರಿ ಭಾಷೆಯ ಒಂದು ವಾಕ್ಯವನ್ನು ತಪ್ಪಾಗಿ ಗ್ರಹಿಸಿ ಇಲ್ಲದ್ದನ್ನು ಒಪ್ಪಿಕೊಂಡು ಬರೆದುಕೊಡುವ ಸಾಧ್ಯತೆ ಇದೆ. ಗುಂಪಿನ ಇಬ್ಬರು ಶಿಕ್ಷಕರ ಮನೆಗೆ ಹೋಗಿ, ಅವರಿಗೆ ಏನು ಬೇಕು ಎಂದು ಕೇಳಬೇಕು. ಕೆಲವರಿಗೆ ಕೊನೆಯವರೆಗೆ ಹೋರಾಡುವ ಮನಸ್ಸಿರುತ್ತದೆ, ಕೆಲವರಿಗೆ ಗೌರವದಿಂದ ನಿವೃತ್ತಿಯಾದರೆ ಸಾಕಾಗಿರುತ್ತದೆ, ಇನ್ನು ಕೆಲವರಿಗೆ ವಿಷಯ ಊರೆಲ್ಲ ಗೊತ್ತಾಗುವುದೇ ದೊಡ್ಡ ನೋವು. ಅವರ ಒಪ್ಪಿಗೆಯಿಲ್ಲದೆ ಒಂದು ಮನವಿಯೂ ಹೊರಗೆ ಹೋಗಬಾರದು.

ರಾಜೀನಾಮೆಗೆ ಸಹಿ ಹಾಕದಂತೆ ನೋಡಿಕೊಳ್ಳುವುದು ಅದೇ ದಿನದ ಕೆಲಸ. ಮುಖ್ಯೋಪಾಧ್ಯಾಯರ ಕೋಣೆಗೆ ಕರೆಸಿ, “ವಿಚಾರಣೆ ಆದರೆ ಮರ್ಯಾದೆ ಹೋಗುತ್ತದೆ, ಬರೆದುಕೊಟ್ಟು ಹೋಗಿಬಿಡಿ” ಎಂದು ಮೆಲುದನಿಯಲ್ಲಿ ಹೇಳಿದಾಗ, ಆತ್ಮಾಭಿಮಾನಿಗಳಾದ ಹಿರಿಯರು ಅಲ್ಲೇ ಬರೆದುಕೊಟ್ಟುಬಿಡುತ್ತಾರೆ. ಕಾಯಿದೆಯ 7ನೆಯ ಕಲಮಿನ ಪ್ರಕಾರ ರಾಜೀನಾಮೆಯನ್ನು ಎರಡು ಪ್ರತಿಗಳಲ್ಲಿ ಬರೆದು, ಎರಡಕ್ಕೂ ಸಹಿ ಮತ್ತು ದಿನಾಂಕ ಹಾಕಿ, ಒಂದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಆಡಳಿತ ಮಂಡಳಿಗೆ ಕಳಿಸಬೇಕು. ಒತ್ತಾಯದ ರಾಜೀನಾಮೆಗಳನ್ನು ತಡೆಯಲೆಂದೇ ಇಟ್ಟ ವಿಧಾನ ಇದು. ಈಗಾಗಲೇ ಒತ್ತಡದಲ್ಲಿ ಬರೆದುಕೊಟ್ಟಿದ್ದರೆ, ಯಾವ ಸನ್ನಿವೇಶದಲ್ಲಿ ಬರೆಸಿಕೊಳ್ಳಲಾಯಿತು ಎಂಬುದನ್ನು ವಿವರಿಸಿ, ಅದನ್ನು ಹಿಂತೆಗೆದುಕೊಳ್ಳುವ ಪತ್ರವನ್ನು ಮಾರನೆಯ ದಿನವೇ ರಿಜಿಸ್ಟರ್ಡ್ ಅಂಚೆಯಲ್ಲಿ ಆಡಳಿತ ಮಂಡಳಿಗೂ ಶಿಕ್ಷಣಾಧಿಕಾರಿಗಳಿಗೂ ಕಳಿಸಬೇಕು. ಮುಂಬಯಿಯಲ್ಲಿ ಮಾಧ್ಯಮಿಕ ಶಾಲೆಗಳಿಗೆ ಆ ಅಧಿಕಾರಿ ಶಿಕ್ಷಣ ನಿರೀಕ್ಷಕರು.

ಆಮೇಲೆ ಪ್ರಕರಣ ಯಾವ ಬಗೆಯದು ಎಂದು ಗುರುತಿಸಬೇಕು. 1977ರ ಕಾಯಿದೆ ಅನುದಾನಿತ ಮತ್ತು ಅನುದಾನರಹಿತ ಖಾಸಗಿ ಶಾಲೆಗಳೆರಡಕ್ಕೂ ಅನ್ವಯಿಸುತ್ತದೆ. ಮಹಾನಗರಪಾಲಿಕೆ ಅಥವಾ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಶಿಕ್ಷಕರಿಗೆ ಅವರವರ ಸಂಸ್ಥೆಯ ಸೇವಾ ನಿಯಮಗಳೇ ಬೇರೆ ಇವೆ. ಗೋವಾಕ್ಕೆ 1984ರ ಪ್ರತ್ಯೇಕ ಶಾಲಾ ಶಿಕ್ಷಣ ಕಾಯಿದೆ ಇರುವುದರಿಂದ ಅಲ್ಲಿನವರು ಇಲ್ಲಿನ ಗಡುವುಗಳನ್ನು ನೆಚ್ಚಬಾರದು.

ಆರೋಪವೇ ಇಲ್ಲದೆ ಕೆಲಸ ಹೋಗುವ ಸಂದರ್ಭಗಳೂ ಇವೆ, ಕನ್ನಡ ಶಾಲೆಗಳಲ್ಲಿ ಅಂಥವು ಸಾಮಾನ್ಯ. ಮಕ್ಕಳ ಸಂಖ್ಯೆ ಇಳಿದು ‘ಸಂಚ್ ಮಾನ್ಯತಾ’ದಲ್ಲಿ, ಅಂದರೆ ಶಾಲೆಗೆ ಇಲಾಖೆ ಮಂಜೂರು ಮಾಡುವ ಹುದ್ದೆಗಳ ಲೆಕ್ಕದಲ್ಲಿ, ಹುದ್ದೆ ಕಡಿಮೆಯಾದಾಗ ಶಿಕ್ಷಕರನ್ನು ‘ಅತಿರಿಕ್ತ’ (ಹೆಚ್ಚುವರಿ) ಎಂದು ಘೋಷಿಸುತ್ತಾರೆ. ಆಗ ಸೇವಾ ಹಿರಿತನದ ಪಟ್ಟಿಯನ್ನು ಕೇಳಿ ಪಡೆಯಬೇಕು, ಏಕೆಂದರೆ ಕಿರಿಯರನ್ನು ಉಳಿಸಿಕೊಂಡು ಹಿರಿಯರನ್ನು ಬಿಡುವಂತಿಲ್ಲ. ಅನುದಾನಿತ ಶಾಲೆಯ ಕಾಯಂ ಶಿಕ್ಷಕರಾಗಿದ್ದರೆ ಬೇರೆ ಶಾಲೆಯಲ್ಲಿ ಸೇರಿಸಿಕೊಳ್ಳುವಂತೆ ಶಿಕ್ಷಣ ಇಲಾಖೆಯನ್ನು ಲಿಖಿತವಾಗಿ ಒತ್ತಾಯಿಸಬೇಕು. ಇನ್ನೊಂದು, ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ವಿಷಯ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು; ಐದು ವರ್ಷಕ್ಕಿಂತ ಕಡಿಮೆ ಉಳಿದವರು ಬಡ್ತಿಯ ಹಕ್ಕಿಲ್ಲದೆ ಮುಂದುವರಿಯಬಹುದು; ಅಲ್ಪಸಂಖ್ಯಾತ ಶಾಲೆಗಳ ಪ್ರಶ್ನೆಯನ್ನು ಆ ಪೀಠವು ದೊಡ್ಡ ಪೀಠದ ಮುಂದಿಡಲು ಕಳಿಸಿತು. ಇಂಥ ಸಂದರ್ಭದಲ್ಲಿ ಹೋರಾಟ ಸಮಿತಿಗಿಂತ, ಭಾನುವಾರ ಕುಳಿತು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದಕ್ಕೆ ಜೊತೆಯಾಗುವ ಇಬ್ಬರು ಹಳೆಯ ವಿದ್ಯಾರ್ಥಿಗಳಿದ್ದರೆ ಹೆಚ್ಚು ಉಪಕಾರ.

ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ದೂರಾಗಿದ್ದರೆ ಸಹಿ ಸಂಗ್ರಹ, ಸಭೆ, ಪತ್ರಿಕಾ ಹೇಳಿಕೆ ಯಾವುದೂ ಕೂಡದು. ಮಗುವಿನ ಗುರುತು ಸಿಗುವಂಥ ಯಾವ ಮಾತನ್ನೂ ಹೊರಗೆಡಹುವುದು 2012ರ ಪೋಕ್ಸೊ ಕಾಯಿದೆಯಡಿ ಅಪರಾಧ, ಮತ್ತು ಇಡೀ ಸಮುದಾಯ ಒಂದು ಕಡೆ ನಿಂತರೆ ದೂರು ಕೊಟ್ಟ ಮಗುವಿನ ಪಾಡೇನು ಎಂಬುದನ್ನು ಯೋಚಿಸಬೇಕು. ಶಿಕ್ಷಕರಿಗೆ ಒಳ್ಳೆಯ ವಕೀಲರು ಸಿಗುವಂತೆ ಮಾಡುವುದಕ್ಕೆ ಬೆಂಬಲವನ್ನು ಸೀಮಿತಗೊಳಿಸುವುದೇ ಸರಿ.

ವಿಚಾರಣಾ ಸಮಿತಿ: ಬೆಂಬಲ ನಿಜವಾಗಿ ಬೇಕಾಗುವ ಜಾಗ

ಕಾಯಂ ಶಿಕ್ಷಕರನ್ನು ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ. ಆರೋಪಗಳ ವಿವರವನ್ನು ಕೊಟ್ಟ ಮೇಲೆ ಲಿಖಿತ ವಿವರಣೆ ಸಲ್ಲಿಸಲು 7 ದಿನಗಳ ಅವಕಾಶ ಇರುತ್ತದೆ. ವಿವರಣೆ ಸಮರ್ಪಕವಲ್ಲವೆಂದು ಮಂಡಳಿ ತೀರ್ಮಾನಿಸಿದರೆ ನಿಯಮ 36ರಂತೆ ಮೂವರ ಸಮಿತಿ ರಚನೆಯಾಗಬೇಕು: ಆಡಳಿತ ಮಂಡಳಿಯ ಒಬ್ಬರು, ರಾಜ್ಯ ಅಥವಾ ರಾಷ್ಟ್ರ ಪ್ರಶಸ್ತಿ ಪಡೆದ ಶಿಕ್ಷಕರ ಪಟ್ಟಿಯಿಂದ ಒಬ್ಬರು, ಮತ್ತು ಆರೋಪಕ್ಕೊಳಗಾದ ಶಿಕ್ಷಕರು ತಾವೇ ಸೂಚಿಸುವ ಒಬ್ಬರು. ಈ ಮೂರನೆಯವರು ಯಾವುದೇ ಖಾಸಗಿ ಶಾಲೆಯ ನೌಕರರಾಗಿರಬಹುದು. ಅವರ ಹೆಸರನ್ನು, ಅವರ ಲಿಖಿತ ಒಪ್ಪಿಗೆಯೊಂದಿಗೆ, 15 ದಿನಗಳೊಳಗೆ ಕಳಿಸಬೇಕು. ಕಳಿಸದಿದ್ದರೆ ಉಳಿದ ಇಬ್ಬರೇ ಸಮಿತಿಯಾಗಿ ವಿಚಾರಣೆ ಮುಂದುವರಿಯುತ್ತದೆ.

ನನ್ನ ದೃಷ್ಟಿಯಲ್ಲಿ ಸಮುದಾಯ ಮಾಡಬಹುದಾದ ಅತಿ ದೊಡ್ಡ ಸಹಾಯ ಇಲ್ಲಿದೆ. ಕುತ್ತಿನಲ್ಲಿರುವ ಶಿಕ್ಷಕರೊಬ್ಬರೇ ಓಡಾಡಿ, ತಮ್ಮ ಪರವಾಗಿ ಕುಳಿತುಕೊಳ್ಳಿ ಎಂದು ಬೇರೆ ಶಾಲೆಯವರನ್ನು ಬೇಡುವುದು ಕಷ್ಟ. ಸಹೋದ್ಯೋಗಿಗಳು ತಮ್ಮ ನೌಕರಿಯ ಭಯಕ್ಕೆ ಹಿಂಜರಿಯುತ್ತಾರೆ. ಆದರೆ ಈ ಮಹಾನಗರದ ಕನ್ನಡಿಗರ ನಡುವೆ ಹಳೆಯ ವಿದ್ಯಾರ್ಥಿಗಳಾಗಿ ಬೇರೆ ಬೇರೆ ಶಾಲೆಗಳಲ್ಲಿ ಶಿಕ್ಷಕರು, ಗುಮಾಸ್ತರು, ಮುಖ್ಯೋಪಾಧ್ಯಾಯರು ಆಗಿರುವವರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ನಿಯಮಗಳನ್ನು ಓದಿಕೊಂಡ, ಆಡಳಿತ ಮಂಡಳಿಯ ಸಂಬಂಧಿಕರೂ ಉಪಕೃತರೂ ಅಲ್ಲದ, ಎಲ್ಲ ಬೈಠಕ್ಕುಗಳಿಗೂ ಹಾಜರಾಗಬಲ್ಲ ಒಬ್ಬರನ್ನು ಹುಡುಕಿ ಒಪ್ಪಿಸಬೇಕು. ಕನ್ನಡದವರೇ ಆಗಬೇಕೆಂದಿಲ್ಲ, ಮರಾಠಿ ಶಾಲೆಯ, ಶಿಕ್ಷಕರ ಸಂಘಟನೆಯಲ್ಲಿ ಪಳಗಿದ ಹಿರಿಯರೊಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಭಾವುಕ ಅಭಿಮಾನಿಗಿಂತ, ಸಾಕ್ಷಿಯ ಹೇಳಿಕೆಯಲ್ಲಿ ತೊಡಕು ಕಂಡಾಗ ಪ್ರಶ್ನೆ ಕೇಳಿ ಅದನ್ನು ನಡಾವಳಿಯಲ್ಲಿ ಬರೆಸಬಲ್ಲವರೇ ಬೇಕು, ಏಕೆಂದರೆ ಮುಂದೆ ಮೇಲ್ಮನವಿ ಕೇಳುವ ಶಾಲಾ ನ್ಯಾಯಮಂಡಳಿ ನೋಡುವುದು ಆ ನಡಾವಳಿಯನ್ನೇ. ವಿಚಾರಣೆ ಸಾಮಾನ್ಯವಾಗಿ 120 ದಿನಗಳೊಳಗೆ ಮುಗಿಯಬೇಕು. ಅಮಾನತು ಮಾಡಿದ್ದರೆ ಜೀವನಾಧಾರ ಭತ್ಯೆ ಪ್ರತಿ ತಿಂಗಳೂ ಬರುತ್ತಿದೆಯೇ, ಪೂರ್ವಾನುಮತಿಯಿಲ್ಲದೆ ಅಮಾನತು ನಾಲ್ಕು ತಿಂಗಳನ್ನು ಮೀರಿದೆಯೇ ಎಂಬುದನ್ನು ಗುಂಪಿನಲ್ಲಿ ಒಬ್ಬರು ಗಮನಿಸುತ್ತಿರಬೇಕು.

ಹಳೆಯ ವಿದ್ಯಾರ್ಥಿಗಳ ಪತ್ರಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. “ನಮ್ಮ ಸರ್ ದೇವರಂಥವರು” ಎಂಬ ಪತ್ರ ಓದಿದವರ ಮನಸ್ಸನ್ನು ತಟ್ಟಬಹುದು, ಆದರೆ ಆರೋಪಕ್ಕೆ ಉತ್ತರವಾಗುವುದಿಲ್ಲ. ನಿಯಮಗಳು ಕೆಲಸದಿಂದ ತೆಗೆಯಲು ಒಪ್ಪುವ ಕಾರಣಗಳು ದುರ್ನಡತೆ, ನೈತಿಕ ಅಧಃಪತನ, ಬೇಕೆಂದೇ ಮತ್ತೆ ಮತ್ತೆ ಮಾಡಿದ ಕರ್ತವ್ಯಲೋಪ, ಅಸಾಮರ್ಥ್ಯ ಎಂಬಿಷ್ಟೇ. ಆರೋಪ ಕರ್ತವ್ಯಲೋಪದ್ದಾಗಿದ್ದರೆ, ಆ ವರ್ಷಗಳಲ್ಲಿ ಅದೇ ತರಗತಿಯಲ್ಲಿದ್ದವರು ಪಾಠ ಮುಗಿಸಿದ್ದು, ಶನಿವಾರ ಹೆಚ್ಚುವರಿ ತರಗತಿ ತೆಗೆದುಕೊಂಡದ್ದು, ತಿದ್ದಿಕೊಟ್ಟ ನೋಟುಪುಸ್ತಕ ಇಂದಿಗೂ ಇದ್ದರೆ ಅದರ ಪ್ರತಿ, ಇಂಥವನ್ನು ವರ್ಷ, ತರಗತಿ ಸಮೇತ ಬರೆದು ಸಹಿ ಮಾಡಿ ಕೊಡಬೇಕು. ಅಸಾಮರ್ಥ್ಯದ ಆರೋಪವಾಗಿದ್ದರೆ ಎಸ್‌ಎಸ್‌ಸಿ ಫಲಿತಾಂಶಗಳು ಮತ್ತು ವಾರ್ಷಿಕ ಗೋಪ್ಯ ವರದಿಗಳು ಮುಖ್ಯವಾಗುತ್ತವೆ. ಆ ವರದಿಯಲ್ಲಿ ಪ್ರತಿಕೂಲ ಟಿಪ್ಪಣಿ ಇದ್ದರೆ ಅದನ್ನು ಶಿಕ್ಷಕರಿಗೆ ಲಿಖಿತವಾಗಿ ತಿಳಿಸಿರಬೇಕು. ಇಷ್ಟು ವರ್ಷ ಒಂದೂ ಟಿಪ್ಪಣಿ ಬಾರದೆ, ನಿವೃತ್ತಿಯ ಹೊಸ್ತಿಲಲ್ಲಿ ಏಕಾಏಕಿ ಅಸಾಮರ್ಥ್ಯ ಕಂಡಿತೇ ಎಂಬ ಪ್ರಶ್ನೆ ಬಲವಾದದ್ದು. ಅನುದಾನಿತ ಶಾಲೆಯ ದಾಖಲೆಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. ಉತ್ತರಕ್ಕೆ 30 ದಿನ ಹಿಡಿಯುವುದರಿಂದ ಅರ್ಜಿಯನ್ನು ಮೊದಲ ವಾರದಲ್ಲೇ ಹಾಕಬೇಕು.

ಮಕ್ಕಳಿಗೆ ಹೊಡೆದರೆಂಬ ಆರೋಪವಿದ್ದಾಗ ನಮ್ಮವರು ಪ್ರೀತಿಯಿಂದಲೇ ಹಾನಿ ಮಾಡಿಬಿಡುತ್ತಾರೆ. “ನಾವು ಅವರ ಕೈಯಲ್ಲಿ ಪೆಟ್ಟು ತಿಂದೇ ಉದ್ಧಾರವಾದೆವು” ಎಂದು ಬರೆದುಕೊಟ್ಟ ಪತ್ರ ಆಡಳಿತ ಮಂಡಳಿಯ ಕೈಗೆ ಸಿಕ್ಕರೆ ಅದೇ ಆರೋಪಕ್ಕೆ ಪುರಾವೆಯಾಗುತ್ತದೆ. ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಹಿಂಸೆ ಮಾಡುವುದನ್ನೂ ನಿಷೇಧಿಸಿದೆ, ಆ ನಿಷೇಧ ಸರಿಯಾದದ್ದೇ. ಇಂಥಲ್ಲಿ ಘಟನೆ ನಡೆದದ್ದು ಹೌದೋ ಅಲ್ಲವೋ, ನಡೆದಿದ್ದರೆ ವಜಾದಷ್ಟು ಶಿಕ್ಷೆಗೆ ಅದು ತಕ್ಕದ್ದೇ ಎಂಬ ಎರಡು ಪ್ರಶ್ನೆಗಳಿಗಷ್ಟೇ ಪತ್ರಗಳು ಸೀಮಿತವಾಗಿರಲಿ.

ಆಡಳಿತ ಮಂಡಳಿಯವರೂ ನಮ್ಮವರೇ ಆಗಿರುವುದು ಮುಂಬಯಿಯ ಕನ್ನಡಿಗರ ವಿಶೇಷ ಕಷ್ಟ. ಒಂದೇ ಜಾತಿ ಸಂಘದ, ಒಂದೇ ಊರಿನ, ಒಂದೇ ಭಜನಾ ಮಂಡಳಿಯ ಹಿರಿಯರ ಎದುರು ಮಾತನಾಡಬೇಕಾಗುತ್ತದೆ. ಅದನ್ನು ಅನುಕೂಲವಾಗಿಯೂ ಬಳಸಬಹುದು. ಶಾಲೆ ನಡೆಸುವ ಸಂಸ್ಥೆಗಳು ಸಾಮಾನ್ಯವಾಗಿ ಸಾರ್ವಜನಿಕ ನ್ಯಾಸಗಳಾಗಿ ಚಾರಿಟಿ ಕಮಿಷನರ್ ಕಚೇರಿಯಲ್ಲಿ ನೋಂದಾಯಿತವಾಗಿದ್ದು, ಅವಕ್ಕೆ ಸದಸ್ಯರೂ ನಿಬಂಧನೆಗಳೂ ಇರುತ್ತವೆ. ಸದಸ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ನಿಬಂಧನೆಗಳನ್ನು ಓದಿ, ಅಗತ್ಯ ಸಂಖ್ಯೆಯ ಸಹಿಯೊಂದಿಗೆ ವಿಶೇಷ ಮಹಾಸಭೆ ಕರೆಯುವಂತೆ ಕೇಳಬಹುದು. ಅದಕ್ಕೂ ಮೊದಲು ಮೂವರು ಹೋಗಿ ಅಧ್ಯಕ್ಷರನ್ನು ಕಾಣುವುದು ಒಳ್ಳೆಯದು. ಮಂಡಳಿಗೆ ಗೌರವಯುತವಾಗಿ ಹಿಂದೆ ಸರಿಯಲು ದಾರಿ ಇದ್ದರೆ ಅರ್ಧ ಪ್ರಕರಣಗಳು ಅಲ್ಲೇ ತಿಳಿಯಾಗಬಲ್ಲವು ಎಂದು ನನ್ನ ನಂಬಿಕೆ. ಮಾತುಕತೆ ಮುಗಿದ ಸಂಜೆಯೇ ಏನೇನು ಮಾತಾಯಿತೆಂದು ವಿನಯದ ಪತ್ರವೊಂದನ್ನು ಕಳಿಸಿ, ಪ್ರತಿ ಇಟ್ಟುಕೊಳ್ಳಬೇಕು. ಈಗ ಓದುತ್ತಿರುವ ಮಕ್ಕಳನ್ನು ಗೇಟಿನ ಮುಂದೆ ನಿಲ್ಲಿಸುವುದು, ಪದಾಧಿಕಾರಿಗಳ ಹೆಸರು ಹಿಡಿದು ಫೇಸ್‌ಬುಕ್ಕಿನಲ್ಲಿ ಬರೆಯುವುದು ಎರಡೂ ಬೇಡ. ಮೊದಲನೆಯದು ಮಕ್ಕಳಿಗೆ ಅನ್ಯಾಯ, ಎರಡನೆಯದಕ್ಕೆ ಮಾನನಷ್ಟ ಮೊಕದ್ದಮೆಯ ಉತ್ತರ ಬರುತ್ತದೆ.

ವಜಾ ಆದೇಶ ಬಂದ ಮೇಲೆ

ಆದೇಶ ಕೈಗೆ ಬಂದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದು, ಲಕೋಟೆಯನ್ನೂ ಜೋಪಾನ ಮಾಡಬೇಕು. ಅಂದಿನಿಂದ 30 ದಿನಗಳೊಳಗೆ ಕಾಯಿದೆಯ 9ನೆಯ ಕಲಮಿನಂತೆ ಶಾಲಾ ನ್ಯಾಯಮಂಡಳಿಗೆ, ಜನರ ಬಾಯಲ್ಲಿ ಸ್ಕೂಲ್ ಟ್ರಿಬ್ಯೂನಲ್‌ಗೆ, ಮೇಲ್ಮನವಿ ಸಲ್ಲಿಸಬೇಕು. ತಡವಾದರೆ ಸಕಾರಣ ತೋರಿಸಿ ಕ್ಷಮೆ ಕೇಳಲು ಅವಕಾಶವಿದೆಯಾದರೂ ಅದನ್ನು ನಂಬಿ ಕೂರಬಾರದು. ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿ ಎಂಬ ಸಲಹೆ ಹೋಟೆಲು, ಕಾರ್ಖಾನೆಗಳ ಅನುಭವವಿರುವ ನಮ್ಮವರಿಂದ ಬರುತ್ತದೆ. ಆದರೆ ಶಿಕ್ಷಕರು ಅಂದು ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲಿ, ಗೋವಾದ ಶಾಲೆಯೊಂದರ ಶಿಕ್ಷಕಿಯ ಪ್ರಕರಣದಲ್ಲೇ ಹೇಳಿದೆ. ಆ ಬಾಗಿಲಲ್ಲಿ ಕಾಯುವಷ್ಟರಲ್ಲಿ ಮೂವತ್ತು ದಿನ ಕಳೆದುಹೋಗುತ್ತದೆ.

ನಮ್ಮದು ಭಾಷಾ ಅಲ್ಪಸಂಖ್ಯಾತ ಸಂಸ್ಥೆ, ಈ ಕಾಯಿದೆ ನಮಗಿಲ್ಲ ಎಂದು ಮಂಡಳಿ ಹೇಳಬಹುದು. ಸಂವಿಧಾನದ 30ನೆಯ ವಿಧಿ ಶಾಲೆ ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಡುತ್ತದೆ. ಶಿಕ್ಷಕರನ್ನು ಮನಬಂದಂತೆ ತೆಗೆಯುವ ಹಕ್ಕನ್ನು ಕೊಡುವುದಿಲ್ಲ. ನೌಕರರ ರಕ್ಷಣೆಯ ನಿಯಮಗಳು ಅಲ್ಪಸಂಖ್ಯಾತ ಶಾಲೆಗಳಿಗೂ ಸಲ್ಲುತ್ತವೆ ಎಂಬ ತತ್ತ್ವವನ್ನು 1986ರ ಫ್ರ್ಯಾಂಕ್ ಆಂಥೊನಿ ಶಾಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಇದನ್ನು ವಕೀಲರ ಗಮನಕ್ಕೆ ತರಬೇಕು. ಶಿಕ್ಷಕಿಯಾಗಿದ್ದರೆ, 1987ರ ಕಾನೂನು ಸೇವೆಗಳ ಕಾಯಿದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.

ಪ್ರಕರಣ ವರ್ಷಗಟ್ಟಲೆ ಎಳೆಯಬಹುದು, ಮಂಡಳಿ ಸೋತರೂ ಹೈಕೋರ್ಟಿಗೆ ಹೋಗಬಹುದು. ಆ ಅವಧಿಯಲ್ಲಿ ಮನೆಯ ಸಾಲದ ಕಂತು, ಮಕ್ಕಳ ಫೀಸು ನಿಲ್ಲುವುದಿಲ್ಲ. ಒಂದೇ ಸಲ ಸನ್ಮಾನ ಮಾಡಿ ಹಣದ ಚೀಲ ಕೊಡುವ ಬದಲು, ಇಪ್ಪತ್ತು ಮಂದಿ ತಿಂಗಳಿಗೆ ಇಷ್ಟೆಂದು ಒಪ್ಪಿಕೊಂಡು ನೇರವಾಗಿ ಖಾತೆಗೆ ಹಾಕುವುದು ಒಳ್ಳೆಯದು. ಸ್ವಾಭಿಮಾನಿಗಳು ಇದನ್ನು ಒಪ್ಪದಿದ್ದರೆ ಸಾಲವೆಂದೇ ಕೊಡಬಹುದು, ಅಥವಾ ಸಂಘದ ಕನ್ನಡ ತರಗತಿಗಳನ್ನು ಅವರಿಗೆ ಒಪ್ಪಿಸಿ ಸಂಭಾವನೆ ಕೊಡಬಹುದು. ವಕೀಲರ ಫೀಸಿಗೆಂದು ಸಂಗ್ರಹಿಸಿದ ಹಣವನ್ನು ಇಬ್ಬರ ಜಂಟಿ ಸಹಿಯ ಖಾತೆಯಲ್ಲಿ ಇಟ್ಟು, ಅದರ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಹಣ ಕೊಟ್ಟವರಿಗೆಲ್ಲ ತಿಳಿಸಬೇಕು.

ಕೊನೆಗೆ ಶಿಕ್ಷಕರು ಹೊರಡುವುದೇ ಆಯಿತೆನ್ನೋಣ. ಆಗಲೂ ಭವಿಷ್ಯ ನಿಧಿ, ರಜೆಯ ಬಾಕಿ, ಪಿಂಚಣಿ ಕಾಗದಗಳು ಮತ್ತು ಗ್ರಾಚ್ಯುಟಿಯನ್ನು ಒಂದೊಂದಾಗಿ ಕೇಳಿ ಪಡೆಯಬೇಕು. ಖಾಸಗಿ ಶಾಲೆಯ ಶಿಕ್ಷಕರಿಗೆ ಗ್ರಾಚ್ಯುಟಿಯ ಹಕ್ಕನ್ನು ಕೊಟ್ಟ 2009ರ ತಿದ್ದುಪಡಿ 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುತ್ತದೆ, ಸುಪ್ರೀಂ ಕೋರ್ಟು 2022ರಲ್ಲಿ ಅದನ್ನು ಎತ್ತಿಹಿಡಿದಿದೆ. ಸೇವಾ ಪುಸ್ತಕದ ದೃಢೀಕೃತ ಪ್ರತಿಯನ್ನು ಶಾಲೆಯ ಕಚೇರಿಯಿಂದ ಪಡೆದ ಮೇಲೆಯೇ ‘ಬಾಕಿ ಏನೂ ಇಲ್ಲ’ ಎಂಬ ಪತ್ರಕ್ಕೆ ಸಹಿ ಹಾಕಬೇಕು. ಅಂದು ಅವರ ಜೊತೆ ಕಚೇರಿಗೆ ಒಬ್ಬರು ಹೋಗಲಿ.